ಅರ್ಧ ಇಂಚು ಹೆಚ್ಚಿಗೆ

ಜನವರಿ 8

ಪ್ರೀತಿಯ ಗೀಚಪ್ಪನಿಗೆ,

ಅಕ್ಕನ ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಐದು ನಿಮಿಷ ಮಾತಾಡಿದರೆ ಆರನೆಯ ನಿಮಿಷಕ್ಕೆ ಜಗಳ. ಅದೂ ಅಲ್ಲದೆ ನಾನು ಕೇಳುತ್ತಿರುವುದು ಕಾಗದದ ಮೇಲೆಯೇ ಆಗಬೇಕಾದ ಕೆಲಸ.

ನನಗೆ ಚಿತ್ರ ಬಿಡಿಸುವುದನ್ನು ಕಲಿಸಿಕೊಡು.

ನಕ್ಕೆಯಾ? ನಕ್ಕು ಮುಗಿದ ಮೇಲೆ ಮುಂದೆ ಓದು. ಐವತ್ತೆರಡನೆಯ ವಯಸ್ಸಿನಲ್ಲಿ ಇದೇನು ಹುಚ್ಚು ಅಂತ ನಿನ್ನ ಭಾವ ಆಗಲೇ ಕೇಳಿಯಾಯಿತು, ನೀನೂ ಅದೇ ಪ್ರಶ್ನೆಗೆ ಶಾಯಿ ದಂಡ ಮಾಡಬೇಡ.

ವಿಷಯ ಇಷ್ಟು. ನಮ್ಮ ರಂಗಮಂದಿರದಲ್ಲಿ ನಾಟಕಗಳ ಉಡುಪು ಹೇಗಿರಬೇಕೆಂದು ಚಿತ್ರ ಬರೆದುಕೊಡುವ ಕನ್ನಡಕದಮ್ಮ ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಇಪ್ಪತ್ತೇಳು ವರ್ಷದಿಂದ ಅವರ ಚಿತ್ರ ನೋಡಿ ಬಟ್ಟೆ ಕತ್ತರಿಸುತ್ತಿರುವವಳು ನಾನು. ಅವರ ಜಾಗಕ್ಕೆ ಜೂನ್ ಹನ್ನೆರಡಕ್ಕೆ ಪರೀಕ್ಷೆ. ಒಬ್ಬ ನಟನನ್ನು ಎದುರಿಗೆ ನಿಲ್ಲಿಸಿ ಪಾತ್ರ ಯಾವುದೆಂದು ಹೇಳುತ್ತಾರೆ, ಒಂದೂವರೆ ಗಂಟೆಯೊಳಗೆ ಅವನ ಉಡುಪಿನ ಚಿತ್ರ ಬರೆದು ತೋರಿಸಬೇಕು. ಹೊಲಿಗೆಕೋಣೆಯವರೂ ಬೇಕಾದರೆ ಕೂರಬಹುದು ಎಂದು ಮ್ಯಾನೇಜರು ಹೇಳಿದಾಗ ಎಲ್ಲರೂ ನಕ್ಕರು. ಗುಂಡಿ, ಕಾಜಾ ಹಾಕುವ ನಮ್ಮ ಗುಂಡಿಯಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ನಗಲಿಲ್ಲ. ಹೋಗಿ ಹೆಸರು ಬರೆಸಿಬಿಟ್ಟೆ.

ನಿನಗೆ ಮಾತ್ರ ಹೇಳುತ್ತೇನೆ. ಇಷ್ಟು ವರ್ಷ ಇನ್ನೊಬ್ಬರು ಯೋಚಿಸಿದ ಬಟ್ಟೆಯನ್ನೇ ಹೊಲಿದಿದ್ದೇನೆ. ಪರದೆ ಎದ್ದಾಗ ನಾನು ಯೋಚಿಸಿದ ಒಂದು ಅಂಗಿ ವೇದಿಕೆಯ ಮೇಲೆ ಓಡಾಡುವುದನ್ನು ನೋಡಬೇಕು. ಅದಾಗದಿದ್ದರೆ ಹೊರಗಿನಿಂದ ಯಾರೋ ಬರುತ್ತಾರೆ, ನಾನು ಇನ್ನೂ ಎಂಟು ವರ್ಷ ಅವರು ಹೇಳಿದ ಹಾಗೆ ಕತ್ತರಿಸಿ ಮನೆಗೆ ಹೋಗುತ್ತೇನೆ. ಹಾಗೆ ಹೋಗುವುದಕ್ಕೆ ನನಗೆ ಇಷ್ಟವಿಲ್ಲ.

ಜೊತೆಗೆ ಒಂದು ಲೋಟದ ಚಿತ್ರ ಇಟ್ಟಿದ್ದೇನೆ. ಹುಟ್ಟಿದಾಗಿನಿಂದ ನಾನು ಬರೆದ ಮೊದಲ ಚಿತ್ರ. ಚಿಕ್ಕವನಿದ್ದಾಗ ನೀನು ಬರೆದ ಕುದುರೆಯನ್ನು ಕತ್ತರಿಸಿ ನಾನು ಬೊಂಬೆಯ ಲಂಗಕ್ಕೆ ಮಾದರಿ ಮಾಡಿಕೊಂಡದ್ದು ಇನ್ನೂ ಮನಸ್ಸಿನಲ್ಲಿದ್ದರೆ, ಸೇಡು ತೀರಿಸಿಕೊಳ್ಳಲು ಇದು ಸಮಯವಲ್ಲ.

ಹೋದ ವರ್ಷ ಬಸ್ಸಿನಿಂದ ಜಾರಿ ಬಿದ್ದು ಕೈಗೆ ಏಟಾಗಿತ್ತಲ್ಲ, ಪೂರ್ತಿ ವಾಸಿಯಾಯಿತು ತಾನೆ? ಅದನ್ನೂ ಬರೆ.

ನಿನ್ನ ಅಕ್ಕ

*

ಜನವರಿ 17

ಅಕ್ಕನಿಗೆ,

ಕಾಗದ ತಲುಪಿತು. ನಗಲಿಲ್ಲ.

ಕಲಿಸುತ್ತೇನೆ. ಆದರೆ ಇಪ್ಪತ್ತೆರಡು ವರ್ಷ ಡ್ರಾಯಿಂಗ್ ತರಗತಿಯಲ್ಲಿ ಮಕ್ಕಳಿಗೆ ಹಾಕಿದ ಷರತ್ತನ್ನೇ ನಿನಗೂ ಹಾಕುತ್ತೇನೆ. ರಬ್ಬರ್ ಮುಟ್ಟಬಾರದು. ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆ, ಮೊದಲಿನದು ಹಾಗೆಯೇ ಇರಲಿ. ಬರೆದದ್ದು ಎಷ್ಟೇ ಕೆಟ್ಟದಾಗಿದ್ದರೂ ನನಗೆ ಕಳಿಸಬೇಕು, ಹರಿಯಬಾರದು.

ಇನ್ನು ಲೋಟ. ಇದನ್ನು ಟೇಪು ಹಿಡಿದು ಅಳೆದು ಬರೆದಿದ್ದೀಯ. ಎತ್ತರ ಸರಿಯಾಗಿ ಲೋಟದಷ್ಟೇ ಇದೆ. ಬಾಯಿ ಪೂರ್ತಿ ಗುಂಡಗಿದೆ, ತಳ ನೆಟ್ಟಗಿದೆ. ಬಾಯಿ ಗುಂಡಗಿರುವುದು ನಿನಗೆ ಗೊತ್ತು, ತಳ ಮೇಜಿನ ಮೇಲೆ ಸಮವಾಗಿ ಕೂರುವುದೂ ಗೊತ್ತು. ಗೊತ್ತಿರುವುದನ್ನು ಸ್ವಲ್ಪ ಪಕ್ಕಕ್ಕಿಡು. ಕುರ್ಚಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದರೆ ಬಾಯಿ ಚಪ್ಪಟೆಯಾಗಿ ಕಾಣುತ್ತದೆ, ತಳವೂ ಬಾಗಿರುತ್ತದೆ. ಕಂಡದ್ದನ್ನು ಬರೆ. ಟೇಪನ್ನು ಪೆಟ್ಟಿಗೆಗೆ ಹಾಕು.

ಇಪ್ಪತ್ತು ಲೋಟ ಬರೆದು ಕಳಿಸು. ಆಮೇಲೆ ಮನುಷ್ಯರಿಗೆ ಹೋಗೋಣ.

ಕೈ ಸರಿಯಾಗಿದೆ.

ನಿನ್ನ ತಮ್ಮ

*

ಫೆಬ್ರವರಿ 3

ಗೀಚಪ್ಪನಿಗೆ,

ನೀನು ಇಪ್ಪತ್ತು ಲೋಟ ಕೇಳಿದ್ದೆ, ನಾನು ಮೂವತ್ತೊಂದು ಕಳಿಸಿದ್ದೇನೆ. ಮನೆಯಲ್ಲಿ ನೀರು ಕುಡಿಯಲು ಲೋಟ ಎತ್ತಿದರೆ ನಿನ್ನ ಭಾವ, “ತಗೋಬಹುದಾ, ಇಲ್ಲಾ ಅದಿನ್ನೂ ನಿನ್ನ ಮುಂದೆ ಕೂತಿರಬೇಕಾ” ಅಂತ ಕೇಳುತ್ತಾರೆ. ಹದಿನೇಳನೆಯದರಲ್ಲಿ ತಳ ಬಾಗಿರುವುದು ಕಂಡಿತು ಕಣೋ. ಇಷ್ಟು ವರ್ಷ ನೀರು ಕುಡಿದ ಲೋಟ, ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಅಷ್ಟಕ್ಕೇ ಬಾಲ ಬಿಚ್ಚಿದೆ. ನೀನು ಹೇಳುವ ಮೊದಲೇ ಮನುಷ್ಯರಿಗೆ ಹೋದೆ. ಮಧ್ಯಾಹ್ನದ ಬಿಡುವಿನಲ್ಲಿ ಗುಂಡಿಯಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಬರೆಯತೊಡಗಿದೆ. ತಲೆಯಿಂದ ಶುರು ಮಾಡಿದರೆ ಸೊಂಟಕ್ಕೆ ಬರುವಷ್ಟರಲ್ಲಿ ಹಾಳೆ ಮುಗಿಯಿತು. ಮಾದರಿ ಕತ್ತರಿಸುವ ಕಂದು ಕಾಗದದ ಸುರುಳಿ ಇತ್ತಲ್ಲ, ಅದನ್ನು ನೆಲದ ಮೇಲೆ ಹಾಸಿಕೊಂಡು ಪೂರ್ತಿ ಮಾಡಿದೆ. ಮಡಿಸಿ ಕಳಿಸಿದ್ದೇನೆ. ನಿಮ್ಮ ನಡುಮನೆಯಲ್ಲಿ ಹಾಸಿದರೆ ಹಿಡಿಯಬಹುದು.

ಗುಂಡಿಯಕ್ಕ ನೋಡಿ, “ಏನ್ರೀ, ನಾನು ಇಷ್ಟು ದಪ್ಪ ಇದ್ದೀನಾ?” ಅಂದಳು. ಇಲ್ಲ, ನನ್ನ ಕೈ ಇನ್ನೂ ಪಳಗಿಲ್ಲ ಅಂದೆ. ಅವಳು ನಂಬಲಿಲ್ಲ. ಅವತ್ತು ಸಂಜೆ ಚಹಾಕ್ಕೆ ಸಕ್ಕರೆ ಬೇಡ ಅಂದಳಂತೆ.

ಒಂದು ಮಾತು. ನೀನು ನನಗೆ ಟೈಪು ಮಾಡಿದ ಕಾಗದ ಯಾಕೆ ಕಳಿಸಿದೆ? ಸಹಿ ಕೂಡ ಇಲ್ಲ. ನೀರಿನ ಇಲಾಖೆಯವರು ನಲ್ಲಿ ನಿಲ್ಲಿಸುತ್ತೇವೆ ಅಂತ ಬರೆದ ಹಾಗಿತ್ತು. ನಿನ್ನ ಅಕ್ಷರ ಮುತ್ತು ಪೋಣಿಸಿದಂತೆ ಅಂತ ಅಮ್ಮ ಊರಿಗೆಲ್ಲ ತೋರಿಸುತ್ತಿದ್ದರು, ಆ ಅಕ್ಷರ ಅಕ್ಕನಿಗಿಲ್ಲವೇ?

ನಿನ್ನ ಅಕ್ಕ

*

ಫೆಬ್ರವರಿ 14

ಅಕ್ಕನಿಗೆ,

ಟೈಪು ಮಾಡಿದರೆ ನಿನಗೆ ಓದಲು ಸುಲಭ ಅಂತ. ಬೇರೇನಿಲ್ಲ.

ಗುಂಡಿಯಕ್ಕನವರನ್ನು ನಡುಮನೆಯಲ್ಲಿ ಹಾಸಿದೆವು. ಪಾದಗಳು ಅಡುಗೆಮನೆಗೆ ಹೋದವು. ನನ್ನ ಹೆಂಡತಿ ದಾಟಿಕೊಂಡು ಓಡಾಡಿದಳು. ಬಹಳ ದಿನಗಳ ಮೇಲೆ ಈ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕೆವು.

ಆಮೇಲೆ ನಾನು ಆ ಚಿತ್ರದ ಪಕ್ಕ ಕೂತು ಒಂದು ಗಂಟೆ ನೋಡಿದೆ. ತಪ್ಪು ಇದೆ, ಆದರೆ ಹೊಸಬರು ಮಾಡುವ ತಪ್ಪಲ್ಲ. ಹೊಸಬರು ಒಂದು ಕೈ ಉದ್ದ ಒಂದು ಕೈ ಗಿಡ್ಡ ಬರೆಯುತ್ತಾರೆ. ನಿನ್ನದು ಹಾಗಿಲ್ಲ. ಕತ್ತಿನಲ್ಲಿ, ಭುಜದಲ್ಲಿ, ಸೊಂಟದಲ್ಲಿ, ಎಲ್ಲ ಕಡೆಯೂ ಗೆರೆ ಒಂದೇ ಅಳತೆಯಷ್ಟು ಆಚೆಗಿದೆ. ಕಿವಿಯೂ ಹಾಗೇ. ಸ್ಕೇಲು ಇಟ್ಟು ನೋಡಿದೆ. ಅರ್ಧ ಇಂಚು.

ಅಕ್ಕಾ, ನೀನು ಗುಂಡಿಯಕ್ಕನವರ ಸುತ್ತ ಹೊಲಿಗೆಗೆ ಮಾರ್ಜಿನ್ ಬಿಟ್ಟಿದ್ದೀಯ.

ಮನುಷ್ಯರನ್ನು ಕತ್ತರಿಸಿ ಹೊಲಿಯುವುದಿಲ್ಲ. ಗೆರೆ ಎಲ್ಲಿ ಕಾಣುತ್ತದೋ ಅಲ್ಲೇ ಎಳೆ. ಇನ್ನು ಮುಂದೆ ಅಂಗೈ ಅಗಲದ ಹಾಳೆಯಲ್ಲಿ ಮಾತ್ರ ಬರೆಯಬೇಕು, ಇಡೀ ಮನುಷ್ಯ ಅದರೊಳಗೆ ಹಿಡಿಯಬೇಕು. ದಿನಕ್ಕೆ ಐದು. ಗುಂಡಿಯಕ್ಕನವರಿಗೆ ಸಕ್ಕರೆ ಹಾಕಿಕೊಳ್ಳಲು ಹೇಳು.

ನಿನ್ನ ತಮ್ಮ

*

ಮಾರ್ಚ್ 2

ಗೀಚಪ್ಪನಿಗೆ,

ನಿನ್ನ ಕಾಗದವನ್ನು ಹೊಲಿಗೆಕೋಣೆಯ ಎಲ್ಲರಿಗೂ ಓದಿ ಹೇಳಿದೆ. ಗುಂಡಿಯಕ್ಕ ನಕ್ಕು ನಕ್ಕು ಸೂಜಿ ಕಳೆದುಕೊಂಡಳು, ಆಮೇಲೆ ಎಲ್ಲರೂ ನೆಲದ ಮೇಲೆ ಹುಡುಕಿದ್ದೇ ಹುಡುಕಿದ್ದು. ಕನ್ನಡಕದಮ್ಮ ಮಾತ್ರ ನಗದೆ, “ನಿನ್ನ ತಮ್ಮನಿಗೆ ಕಣ್ಣಿದೆ” ಅಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಾನೇ ನಿನ್ನನ್ನು ಹೆತ್ತ ಹಾಗೆ ತಲೆಯಾಡಿಸಿದೆ.

ದಿನಕ್ಕೆ ಐದು ಬರೆಯುತ್ತಿದ್ದೇನೆ. ಬಸ್ ನಿಲ್ದಾಣದಲ್ಲಿ, ದವಾಖಾನೆಯ ಬೆಂಚಿನಲ್ಲಿ, ತಾಲೀಮಿನ ಕೋಣೆಯ ಮೂಲೆಯಲ್ಲಿ. ಕೈ ಈಗಲೂ ಮೊದಲು ಆ ಅರ್ಧ ಇಂಚಿಗೇ ಹೋಗುತ್ತದೆ. ಬೈದು ಒಳಕ್ಕೆ ತರುತ್ತೇನೆ. ಒಂದಂತೂ ಚೆನ್ನಾಗಿ ಬಂದಿದೆ, ನಮ್ಮ ಕಾವಲುಗಾರ ಗೋಡೆಗೆ ಒರಗಿ ನಿಂತದ್ದು. ಅವನೇ ನೋಡಿ, “ಇದು ನಾನೇ ಅಲ್ವಾ” ಅಂದ. ಯಾರು ಅಂತ ಕೇಳದೆ ಹೇಳಿದ ಮೊದಲನೆಯವನು. ಅವತ್ತು ಮನೆಗೆ ನಡೆದುಕೊಂಡೇ ಬಂದೆ, ಬಸ್ಸಿನಲ್ಲಿ ಕೂತರೆ ಆ ಖುಷಿ ಬೇಗ ಮುಗಿದುಹೋಗುತ್ತದೆ ಅನ್ನಿಸಿತು.

ಆದರೆ ಕೈಗಳು ಬರುತ್ತಿಲ್ಲ. ಬೆರಳುಗಳು ಬಾಚಣಿಗೆಯ ಹಾಗೆ ಆಗುತ್ತವೆ. ಐದು ಹಾಳೆ ಇಟ್ಟಿದ್ದೇನೆ. ಪಕ್ಕದಲ್ಲಿ ನೀನು ಒಂದು ಕೈ ಬರೆದು ತೋರಿಸು. ಇಲ್ಲಿಯವರೆಗೆ ನೀನು ಬರೀ ಮಾತು ಕಳಿಸಿದ್ದೀಯ, ಒಂದು ಗೆರೆ ಕಳಿಸಿಲ್ಲ.

ಇನ್ನೊಂದು. ಗುರುವಿಗೆ ಏನಾದರೂ ಕೊಡಬೇಕಲ್ಲ. ನಿನಗೊಂದು ಅಂಗಿ ಹೊಲಿಯುತ್ತೇನೆ. ಅಳತೆಗೆ ಹಳೆಯ ಅಂಗಿ ಒಂದನ್ನು ಕಳಿಸು. ಬೊಜ್ಜು ಬಂದಿದ್ದರೆ ಈಗಲೇ ಒಪ್ಪಿಕೋ.

ನಿನ್ನ ಅಕ್ಕ

*

ಮಾರ್ಚ್ 10

ಅಕ್ಕನಿಗೆ,

ಕಾವಲುಗಾರನ ಚಿತ್ರ ಚೆನ್ನಾಗಿದೆ. ಭಾರ ಯಾವ ಕಾಲಿನ ಮೇಲಿದೆ ಎಂದು ಗೊತ್ತಾಗುತ್ತದೆ.

ನಾನು ಬರೆದು ತೋರಿಸುವುದಿಲ್ಲ. ಮೇಷ್ಟ್ರು ಬರೆದು ತೋರಿಸಿದರೆ ಮಕ್ಕಳು ಅದನ್ನೇ ನಕಲು ಮಾಡುತ್ತಾರೆ, ನೋಡುವುದನ್ನು ಬಿಡುತ್ತಾರೆ. ನಿನ್ನ ಎಡಗೈಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿ ಬರೆ.

ಅಂಗಿ ಬೇಡ. ಬೇಕಾದಷ್ಟಿವೆ.

ನಿನ್ನ ತಮ್ಮ

*

ಮಾರ್ಚ್ 16

ತಮ್ಮನಿಗೆ,

ಅಂಗಿ ಬೇಡ, ಗೆರೆ ಇಲ್ಲ, ಸಹಿ ಇಲ್ಲ. ಏಳು ಸಾಲಿನ ಕಾಗದ.

ನಿನ್ನ ಮನೆಗೆ ಬಂದಾಗ ನೋಡಿದ್ದೇನೆ, ಅಕ್ಕಪಕ್ಕದ ಮಕ್ಕಳು ಕೇಳಿದರೆ ಊಟದ ತಟ್ಟೆ ಪಕ್ಕಕ್ಕಿಟ್ಟು ಬರೆದುಕೊಡುತ್ತಿದ್ದೆ. ಆಗ ನಕಲಿನ ಭಯ ಇರಲಿಲ್ಲ. ನನ್ನ ಹಾಳೆಯ ಮೇಲೆ ಪೆನ್ಸಿಲು ಇಡಲು ಮಾತ್ರ ನಿನಗೆ ನಾಚಿಕೆ. ಇವಳು ಎಷ್ಟಾದರೂ ದರ್ಜಿ, ಇವಳಿಗೆ ಇದೆಲ್ಲ ಹತ್ತುವ ವಿದ್ಯೆಯಲ್ಲ ಅಂತ ಮನಸ್ಸಿನಲ್ಲಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು. ಸುಮ್ಮನೆ ಕಾಟಾಚಾರಕ್ಕೆ ಕಲಿಸಬೇಕಾಗಿಲ್ಲ.

ಪರೀಕ್ಷೆಗೆ ನಾನೇ ಹೇಗೋ ತಯಾರಾಗುತ್ತೇನೆ.

ಅಕ್ಕ

*

ಏಪ್ರಿಲ್ 21

ನನ್ನ ಗೀಚಪ್ಪನಿಗೆ,

ಒಂದು ತಿಂಗಳಿಗಿಂತ ಹೆಚ್ಚಾಯಿತು, ನೀನು ಬರೆಯಲಿಲ್ಲ. ನಾನೂ ಮುಖ ಊದಿಸಿಕೊಂಡು ಕೂತಿದ್ದೆ. ಹೋದ ವಾರ ಒಂದು ಪೊಟ್ಟಣ ಬಂತು. ಒಳಗೆ ನಿನ್ನ ನೀಲಿ ಗೆರೆಯ ಅಂಗಿ, ನಿನ್ನ ಹೆಂಡತಿಯ ಚೀಟಿ: “ಇವರಿಗೆ ಹೇಳಿಲ್ಲ. ಅಳತೆ ತಗೊಳ್ಳಿ ಅಕ್ಕ. ಕಾಗದ ಬರೆಯೋದು ನಿಲ್ಲಿಸಬೇಡಿ.”

ಅವಳು ಬೇರೇನೂ ಹೇಳಿರಲಿಲ್ಲ. ಆದರೆ ಬಟ್ಟೆ ನೋಡಿ ಅದನ್ನು ತೊಟ್ಟವರ ವಿಷಯ ತಿಳಿಯುವುದು ನನ್ನ ಕೆಲಸ ಕಣೋ. ಅಂಗಿಯನ್ನು ಮೇಜಿನ ಮೇಲೆ ಹಾಸಿ ಟೇಪು ತೆಗೆದವಳು ಅದನ್ನು ಪಕ್ಕಕ್ಕಿಟ್ಟೆ. ಯಾರೋ ಕಾಜಾಗಳನ್ನೆಲ್ಲ ಹೊಲಿದು ಮುಚ್ಚಿ ಅವುಗಳ ಮೇಲೆ ಗುಂಡಿ ಕೂರಿಸಿದ್ದಾರೆ. ಕೆಳಗೆ, ಮಕ್ಕಳ ಅಂಗಿಗೆ ಹಾಕುವ ಹಾಗೆ, ಟಿಚ್ ಬಟನ್. ಒತ್ತಿದರೆ ಕೂರಬೇಕು, ಎಳೆದರೆ ಬಿಡಬೇಕು. ಬಲಗೈ ಕಫ್ ನೋಡಿದೆ. ಅಂಚು ಒಂದಿಷ್ಟೂ ಸವೆದಿಲ್ಲ. ನಿನ್ನ ಅಂಗಿಗಳ ಬಲ ಕಫ್ ಎಂದರೆ ಯಾವಾಗಲೂ ಪೆನ್ಸಿಲಿನ ಸೀಸ ಹತ್ತಿ ಕಪ್ಪಗಿರುತ್ತಿತ್ತು. ಅಮ್ಮ ಉಜ್ಜಿ ಉಜ್ಜಿ ಬೈಯುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ.

ನಿನ್ನ ಬಲಗೈ ವಾಸಿಯಾಗಿಲ್ಲ.

ಗುಂಡಿಯಕ್ಕ ಬಂದು, “ಯಾಕ್ರೀ, ಅಂಗಿ ಹಿಡ್ಕೊಂಡು ಅಳ್ತಾ ಇದ್ದೀರಾ” ಅಂದಳು. ಇಲ್ಲ, ದೂಳು ಅಂದೆ. ಅವಳು ಆ ಟಿಚ್ ಬಟನ್ ನೋಡಿದಳು, ನನ್ನ ಪಾಲಿನ ಇಸ್ತ್ರಿ ಕೆಲಸವನ್ನೂ ತಾನೇ ತೆಗೆದುಕೊಂಡು ಹೋದಳು.

ಗೆರೆ ಎಳೆದು ತೋರಿಸು ಅಂತ ಪೀಡಿಸಿದ್ದಕ್ಕೆ, ಹೋದ ಕಾಗದದಲ್ಲಿ ಬಾಯಿಗೆ ಬಂದದ್ದು ಬರೆದದ್ದಕ್ಕೆ, ನನಗೆ ನಾನೇ ಎಷ್ಟು ಬೈದುಕೊಂಡರೂ ಸಾಲದು. ಹೊಟ್ಟೆಗೆ ಹಾಕಿಕೋ. ಆದರೆ ನೀನು ಯಾಕೆ ಹೇಳಲಿಲ್ಲ?

ನಿನ್ನ ಅಕ್ಕ

*

ಮೇ 2

ಅಕ್ಕಾ,

ಹೆಂಡತಿಯ ಜೊತೆ ಎರಡು ದಿನ ಮಾತು ಬಿಟ್ಟಿದ್ದೆ. ಅವಳಿಗೆ ಅದರಿಂದ ಏನೂ ನಷ್ಟವಾದ ಹಾಗೆ ಕಾಣಲಿಲ್ಲ, ಅದಕ್ಕೆ ನಾನೇ ಸೋತೆ.

ಹೌದು. ಮಣಿಕಟ್ಟಿನ ಮೂಳೆ ಕೂಡಿದೆ, ಆದರೆ ಒಳಗೆ ನರಕ್ಕೆ ಪೆಟ್ಟಾಗಿದೆ. ಹೆಬ್ಬೆರಳು ತೋರುಬೆರಳನ್ನು ಮುಟ್ಟುವುದಿಲ್ಲ. ಚಮಚ ಹಿಡಿಯಬಹುದು, ಬಾಗಿಲು ತೆಗೆಯಬಹುದು. ಪೆನ್ಸಿಲು ಜಾರಿ ಬೀಳುತ್ತದೆ. ಇನ್ನು ಇಷ್ಟೇ ಅಂತ ವೈದ್ಯರು ನವೆಂಬರಿನಲ್ಲಿ ಹೇಳಿದರು. ಈ ಕಾಗದಗಳನ್ನೆಲ್ಲ ಎಡಗೈಯ ಒಂದು ಬೆರಳಿನಲ್ಲಿ ಶಾಲೆಯ ಕಂಪ್ಯೂಟರಿನಲ್ಲಿ ಒತ್ತಿದ್ದು. ಏಳು ಸಾಲಿಗೆ ಅರ್ಧ ಗಂಟೆ ಆಗುತ್ತದೆ.

ಶಾಲೆಯವರನ್ನು ದೂರುವ ಹಾಗಿಲ್ಲ, ಮನೆಗೆ ಕಳಿಸಲಿಲ್ಲ. ಗ್ರಂಥಾಲಯಕ್ಕೆ ಹಾಕಿದ್ದಾರೆ. ಪುಸ್ತಕಗಳ ಬೆನ್ನಿಗೆ ನಂಬರಿನ ಚೀಟಿ ಅಂಟಿಸುತ್ತೇನೆ. ಅಲ್ಲಿನ ಕಿಟಕಿಯಿಂದ ನನ್ನ ಡ್ರಾಯಿಂಗ್ ಕೋಣೆ ಕಾಣುತ್ತದೆ. ಹೊಸಬರು ಮಕ್ಕಳಿಗೆ ರಬ್ಬರ್ ಕೊಡುತ್ತಾರೆ. ನಾನು ಬೆನ್ನು ತಿರುಗಿಸಿ ಕೂರುತ್ತೇನೆ.

ಯಾಕೆ ಹೇಳಲಿಲ್ಲ ಅಂತ ಕೇಳಿದೆಯಲ್ಲ. ಜನವರಿಯಲ್ಲಿ ನಿನ್ನ ಕಾಗದ ಬಂದಾಗ ಚಿತ್ರದ ವಿಷಯ ಯಾರೂ ನನ್ನ ಮುಂದೆ ಎತ್ತುತ್ತಿರಲಿಲ್ಲ. ಹೆಂಡತಿ ಬಣ್ಣದ ಡಬ್ಬಿಗಳನ್ನು ಮೇಲಿನ ಕಪಾಟಿಗೆ ಸೇರಿಸಿದ್ದಳು. ಮನೆಗೆ ಬಂದವರು ಗೋಡೆಯ ಮೇಲಿದ್ದ ನನ್ನ ಚಿತ್ರಗಳನ್ನು ನೋಡದ ಹಾಗೆ ನಟಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ನೀನೊಬ್ಬಳು, ಏನೂ ಗೊತ್ತಿಲ್ಲದೆ, ಕಲಿಸಿಕೊಡು ಅಂದೆ. ಕೈಯ ವಿಷಯ ಹೇಳಿದರೆ ನೀನೂ ಪಾಪ ಅಂದು ಕೇಳುವುದನ್ನು ಬಿಡುತ್ತೀಯ ಅಂತ ಹೆದರಿದೆ. ನನಗೆ ಉಳಿದಿದ್ದ ವಿದ್ಯಾರ್ಥಿನಿ ನೀನೊಬ್ಬಳೇ ಅಕ್ಕಾ.

ಎಡಗೈಯಲ್ಲಿ ಪ್ರಯತ್ನಿಸು ಅಂತ ಎಲ್ಲರೂ ಹೇಳುತ್ತಾರೆ. ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ದಯವಿಟ್ಟು ನೀನೂ ಅದನ್ನೇ ಹೇಳಬೇಡ.

ಪರೀಕ್ಷೆಗೆ ನಲವತ್ತು ದಿನ ಇದೆ. ಹಾಳೆಗಳನ್ನು ಕಳಿಸು.

ನಿನ್ನ ತಮ್ಮ

*

ಮೇ 10

ಗೀಚಪ್ಪನಿಗೆ,

ನಲವತ್ತು ಹಾಳೆ ಕಳಿಸಿದ್ದೇನೆ. ನೀನು ಸುಮ್ಮನಿದ್ದ ದಿನಗಳಲ್ಲೂ ಬರೆಯುತ್ತಿದ್ದೆ, ಸಿಟ್ಟಿನಲ್ಲಿ ಬರೆದವು ಚೆನ್ನಾಗಿವೆ.

ನಿನ್ನನ್ನು ಪಾಪ ಅನ್ನುವುದಿಲ್ಲ. ಚಿಕ್ಕಂದಿನಿಂದ ನಿನ್ನನ್ನು ಯಾರಾದರೂ ಪಾಪ ಅಂದರೆ ಸಾಕು, ಅವರ ಪಾಲಿನ ತಿಂಡಿಯನ್ನೂ ನೀನೇ ತಿಂದುಬಿಡುತ್ತಿದ್ದೆ.

ಆದರೆ ಸುಳ್ಳು ಹೇಳಿದ್ದಕ್ಕೆ ಕಿವಿ ಹಿಂಡುತ್ತೇನೆ. ಅಂಗಿಯ ಎಲ್ಲ ವಿಷಯವನ್ನೂ ಹೋದ ಕಾಗದದಲ್ಲಿ ಬರೆಯಲಿಲ್ಲ, ಒಂದನ್ನು ಇಟ್ಟುಕೊಂಡಿದ್ದೆ. ಬಲ ಕಫ್ ಶುದ್ಧವಾಗಿತ್ತು. ಎಡ ಕಫ್ ಹಾಗಿರಲಿಲ್ಲ. ಅಂಚಿನುದ್ದಕ್ಕೂ ಸೀಸದ ಹೊಳಪು, ಒಗೆದರೂ ಹೋಗದಷ್ಟು. ಕಂಪ್ಯೂಟರಿನಲ್ಲಿ ಟೈಪು ಮಾಡಿದರೆ ಸೀಸ ಹತ್ತುವುದಿಲ್ಲ ಕಣೋ. ನೀನು ಎಡಗೈಯಲ್ಲಿ ಬರೆಯುತ್ತಿದ್ದೀಯ, ಒಂದೆರಡು ದಿನದ ಕೆಲಸವೂ ಅಲ್ಲ. ಬರೆದು ಹರಿಯುತ್ತಿದ್ದೀಯ.

ನನಗೆ ಹಾಕಿದ ಷರತ್ತು ಏನು? ಎಷ್ಟೇ ಕೆಟ್ಟದಾಗಿದ್ದರೂ ಕಳಿಸಬೇಕು, ಹರಿಯಬಾರದು. ಆ ಷರತ್ತು ನನಗೊಬ್ಬಳಿಗೇ ಏನು?

ನಿನ್ನ ಅಕ್ಕ

*

ಮೇ 21

ಅಕ್ಕನಿಗೆ,

ಈ ಮನೆಯಲ್ಲಿ ಇನ್ನು ಮೇಲೆ ಅಂಗಿ ಒಗೆಯುವುದು ನಾನೇ.

ಕಳಿಸುವುದಿಲ್ಲ. ಯಾಕೆಂದು ನಿಜ ಹೇಳುತ್ತೇನೆ. ಕಣ್ಣಿಗೆ ಎಲ್ಲವೂ ಗೊತ್ತು, ಕೈಗೆ ಏನೂ ಗೊತ್ತಿಲ್ಲ. ನೀನು ಮೊದಲ ಲೋಟ ಬರೆದಾಗ ಅದು ಕೆಟ್ಟದಾಗಿದೆ ಎಂದು ನಿನಗೆ ಗೊತ್ತಿರಲಿಲ್ಲ. ನನಗೆ ಪ್ರತಿ ಗೆರೆಯೂ ಬೀಳುವ ಮೊದಲೇ ಕೆಟ್ಟದೆಂದು ಕಾಣುತ್ತದೆ. ಅದನ್ನು ನೋಡಿಕೊಂಡು ಕೂರುವ ಧೈರ್ಯ ಇನ್ನೂ ಬಂದಿಲ್ಲ.

ನಿನ್ನ ಹಾಳೆಗಳ ವಿಷಯ. ಇವೆಲ್ಲ ಒಂದೇ ಕೈಯಿಂದ, ಬೇರೆ ಯಾರದೂ ಅಲ್ಲದ ಕೈಯಿಂದ ಬಂದ ಚಿತ್ರಗಳು ಅಂತ ಗೊತ್ತಾಗುತ್ತದೆ. ಇದಕ್ಕಿಂತ ದೊಡ್ಡ ಮಾತನ್ನು ನಾನು ಯಾವ ವಿದ್ಯಾರ್ಥಿಗೂ ಹೇಳಿಲ್ಲ. ಮುಖಗಳು ಆಲೂಗಡ್ಡೆಯ ಹಾಗಿವೆ, ಇರಲಿ. ಬಟ್ಟೆ ಭುಜದಿಂದ ಹೇಗೆ ಇಳಿಯುತ್ತದೆ, ಎಲ್ಲಿ ಮಡಿಕೆ ಬೀಳುತ್ತದೆ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನೋಡುವುದನ್ನು ಈಗ ಕಲಿತಿದ್ದೀಯ, ಪಕ್ಕಕ್ಕಿಟ್ಟಿದ್ದ ಗೊತ್ತಿರುವುದನ್ನು ಮತ್ತೆ ಎತ್ತಿಕೋ. ಪರೀಕ್ಷೆಯ ದಿನ ಎರಡೂ ಬೇಕು.

ನಿನ್ನ ತಮ್ಮ

*

ಜೂನ್ 14

ಗೀಚಪ್ಪನಿಗೆ,

ಮೊದಲಿಂದ ಹೇಳುತ್ತೇನೆ, ಕೊನೆಯ ಸಾಲಿಗೆ ಹಾರಬೇಡ.

ನಾವು ಮೂವರು. ನಾನು, ಹೊರಗಿನಿಂದ ಬಂದ ಇಬ್ಬರು. ಅವರ ಹತ್ತಿರ ಇಷ್ಟುದ್ದದ ಬಣ್ಣದ ಪೆಟ್ಟಿಗೆ, ನನ್ನ ಹತ್ತಿರ ಎರಡು ಪೆನ್ಸಿಲು. ಪಾತ್ರ ಒಬ್ಬ ಅಂಬಿಗ. ವರ್ಷಗಳ ಮೇಲೆ ದಡಕ್ಕೆ ಬಂದು, ಮೊದಲ ಅಂಕದಲ್ಲೇ ಒಬ್ಬನೇ ದೋಣಿಯನ್ನು ನೀರಿನಿಂದ ಎಳೆಯುತ್ತಾನೆ. ನಟ ಬಂದು ನಿಂತ. ಐದು ತಿಂಗಳಲ್ಲಿ ಕಲಿತದ್ದೆಲ್ಲ ಎತ್ತ ಹೋಯಿತೋ, ಮೊದಲ ಗೆರೆ ಎಳೆದು ನೋಡಿದರೆ ಅವನ ಸುತ್ತ ಮತ್ತೆ ಅದೇ ಅರ್ಧ ಇಂಚು.

ಪಕ್ಕದವರ ರಬ್ಬರ್ ಮೇಜಿನ ಮೇಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ನೀನು ನೆನಪಾದೆ. ತಪ್ಪಾದರೆ ಪಕ್ಕದಲ್ಲಿ ಇನ್ನೊಂದು ಎಳೆ, ಮೊದಲಿನದು ಹಾಗೆಯೇ ಇರಲಿ. ಸರಿ, ಒಳಗೆ ಕಂಡಲ್ಲಿ ಮೈಯ ಗೆರೆ ಎಳೆದೆ. ಹೊರಗಿನದು ಹಾಗೆಯೇ ಉಳಿಯಿತು. ಎರಡೂ ಗೆರೆಗಳನ್ನು ನೋಡುತ್ತ ಕೂತೆ. ಒಳಗಿನದು ಮನುಷ್ಯ, ಹೊರಗಿನದು ಕೋಟು ಆಗಬಹುದಲ್ಲ ಅನ್ನಿಸಿತು. ಅಲ್ಲಿಂದ ಮುಂದೆ ಪೆನ್ಸಿಲು ಎಲ್ಲೂ ನಿಲ್ಲಲಿಲ್ಲ. ಭುಜದಿಂದ ಇಳಿದ ಬಟ್ಟೆ, ಕಂಕುಳಲ್ಲಿ ಬಿಟ್ಟ ಸಡಿಲು, ಬೆನ್ನಿನಲ್ಲಿ ಒಂದು ಮಡಿಕೆ. ನೀನು ಹೇಳಿದ ಎರಡನ್ನೂ ಎತ್ತಿಕೊಂಡೆ.

ಬೇರೆಯವರ ಚಿತ್ರಗಳು ನೋಡಲು ಎಷ್ಟು ಚಂದ ಇದ್ದವೆಂದರೆ ನನಗೇ ಅವರನ್ನು ಆರಿಸೋಣ ಅನ್ನಿಸಿತು. ನನ್ನದನ್ನು ನೋಡಿ ನಿರ್ದೇಶಕರು, “ಕೋಟು ಯಾಕಮ್ಮ ಇವನಿಗೆ ಇಷ್ಟು ಸಡಿಲ?” ಅಂದರು.

“ದೋಣಿ ಎಳೀಬೇಕಲ್ಲ ಸಾರ್. ಇಷ್ಟು ಬಿಡದಿದ್ರೆ ಎರಡನೇ ದಿನಕ್ಕೆ ಕಂಕುಳು ಹರಿಯುತ್ತೆ, ಮೂರನೇ ದಿನದಿಂದ ಅವನು ಎಳೆಯೋ ಹಾಗೆ ನಟನೆ ಮಾಡ್ತಾನೆ.”

ನಟ ನಕ್ಕುಬಿಟ್ಟ. “ಹೋದ ನಾಟಕದಲ್ಲಿ ಹಾಗೇ ಆಗಿತ್ತು ಸಾರ್” ಅಂದ. ನಿರ್ದೇಶಕರು ಮೂರೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಕನ್ನಡಕದಮ್ಮ ಕನ್ನಡಕ ತೆಗೆದು ಒರೆಸಿ, “ಮುಖ ಆಲೂಗಡ್ಡೆ” ಅಂದರು. ನಾನು ಪೆನ್ಸಿಲು ಎತ್ತಿ ಚೀಲಕ್ಕೆ ಹಾಕತೊಡಗಿದೆ. “ಆದ್ರೆ ಮುಖ ನಟನೇ ತರ್ತಾನೆ, ಕೋಟು ನಾವು ಕೊಡಬೇಕು” ಅಂತ ಸೇರಿಸಿದರು.

ಜಾಗ ಪೂರ್ತಿ ಕೊಟ್ಟಿಲ್ಲ. ಈ ಒಂದು ನಾಟಕ ಕೊಟ್ಟು ನೋಡುತ್ತಾರಂತೆ, ಸರಿಹೋದರೆ ಮುಂದೆ ಮಾತಾಡುತ್ತಾರಂತೆ. ಒಂದೇ ಒಂದು ಅಂಗಿ ಕೇಳಿದ್ದೆ, ಒಂಬತ್ತು ಪಾತ್ರಗಳ ಉಡುಪು ಸಿಕ್ಕಿತು. ಗುಂಡಿಯಕ್ಕ ಎಲ್ಲರ ಚಹಾಕ್ಕೂ ಎರಡು ಚಮಚ ಸಕ್ಕರೆ ಹಾಕಿದಳು.

ಅವತ್ತು ಆ ಮೊದಲ ಗೆರೆಯನ್ನು ಅಳಿಸಿಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ನೀನೂ ಯೋಚಿಸು.

ನಿನ್ನ ಅಕ್ಕ

*

ಜೂನ್ 28

ಅಕ್ಕಾ,

ಇದು ಎಡಗೈ. ನಿಧಾನವಾಗಿ ಓದು.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಹೆಂಡತಿ ಮೇಲಿನ ಕಪಾಟಿನಿಂದ ಬಣ್ಣದ ಡಬ್ಬಿಗಳನ್ನು ಇಳಿಸಿದಳು, ನಾನು ಕೇಳಿರಲಿಲ್ಲ.

ಒಂದು ಲೋಟ ಇಟ್ಟಿದ್ದೇನೆ. ಹರಿಯಲಿಲ್ಲ.

ಗೀಚಪ್ಪ

*

ಜುಲೈ 6

ಗೀಚಪ್ಪನಿಗೆ,

ಲೋಟ ತಲುಪಿತು. ನಗಲಿಲ್ಲ.

ನಿನ್ನ ಅಕ್ಷರ ಒಂದನೆಯ ತರಗತಿಯವರ ಹಾಗಿದೆ, ಸಾಲುಗಳು ಮೂಲೆಗೆ ಜಾರಿವೆ. ಆ ನಾಲ್ಕೈದು ಸಾಲುಗಳನ್ನು ಅಮ್ಮನ ಹಾಗೆ ಊರಿಗೆಲ್ಲ ತೋರಿಸಿಕೊಂಡು ಬಂದೆ.

ಚಿತ್ರದ ವಿಷಯಕ್ಕೆ ಬರೋಣ. ಬಾಯಿ ಸೊಟ್ಟಗಿದೆ, ಎಡ ಅಂಚು ಒಡೆದುಹೋದ ಹಾಗಿದೆ. ಆದರೆ ತಳವನ್ನು ಬಾಗಿಸಿದ್ದೀಯ, ನನಗೆ ಕಳಿಸಿದ ಮೊದಲನೆಯದರಲ್ಲೇ. ನನಗೆ ಹದಿನೇಳು ಬೇಕಾಗಿತ್ತು. ಇನ್ನೂ ಇಪ್ಪತ್ತು ಬರೆದು ಕಳಿಸು. ಟೇಪು ಮುಟ್ಟಬೇಡ, ರಬ್ಬರಿನ ವಿಷಯ ನಾನು ನಿನಗೆ ಹೇಳಬೇಕಾಗಿಲ್ಲ. ಆಮೇಲೆ ಮನುಷ್ಯರಿಗೆ ಹೋಗೋಣ. ಗುಂಡಿಯಕ್ಕ ತನ್ನ ಒಂದು ಫೋಟೋ ಕೊಟ್ಟಿದ್ದಾಳೆ, ಈ ಸಲ ಸ್ವಲ್ಪ ತೆಳ್ಳಗೆ ಬರೆಯಬೇಕಂತೆ.

ನಾಟಕ ಆಗಸ್ಟ್ ಒಂಬತ್ತಕ್ಕೆ. ನೀವಿಬ್ಬರೂ ಮೊದಲ ಸಾಲಿನಲ್ಲಿ ಕೂರಬೇಕು, ಟಿಕೆಟ್ ತೆಗೆದಿಟ್ಟಿದ್ದೇನೆ. ಪರದೆ ಎದ್ದಾಗ ನಾನು ವೇದಿಕೆಯ ಪಕ್ಕದಲ್ಲಿ ನಿಂತು ಕೋಟು ನೋಡುತ್ತಿರುತ್ತೇನೆ, ನೀನು ನನ್ನನ್ನು ನೋಡಿ ನಗಬಾರದು.

ನಿನ್ನ ಅಂಗಿ ಇದರ ಜೊತೆಗೇ ಇದೆ. ಮೇಲೆ ಕಾಣುವುದು ಗುಂಡಿ, ಕೆಳಗೆ ಟಿಚ್ ಬಟನ್. ಗುಂಡಿಯಕ್ಕ ಹಾಕಿದ್ದಾಳೆ, ಯಾರೂ ಕಂಡುಹಿಡಿಯಲಾರರು. ತೊಟ್ಟಾಗ ಎಡ ಭುಜ ಸ್ವಲ್ಪ ಸಡಿಲ ಅನ್ನಿಸಿದರೆ ಅಕ್ಕನ ಅಳತೆ ತಪ್ಪಿತು ಅಂದುಕೊಳ್ಳಬೇಡ. ಅಲ್ಲಿ ಅರ್ಧ ಇಂಚು ಬೇಕೆಂದೇ ಬಿಟ್ಟಿದ್ದೇನೆ. ಬರೆಯುವಾಗ ಕೈ ಎಲ್ಲೂ ಹಿಡಿಯಬಾರದು.

ನಿನ್ನ ಅಕ್ಕ